ಸುಟ್ಟ ಬದನೆಕಾಯಿಯ ಸಾರು: ಒಕ್ಕಲುತನದ ಮನೆಯಲ್ಲಿ ಅದನ್ನು ಮಾಡತಕ್ಕ ಕ್ರಮ

ಬೇಸಾಯದ ಇಲಾಖೆಯ ಪತ್ರಿಕೆಯಲ್ಲಿ ಅಡಿಗೆಯ ವಿಚಾರಕ್ಕೆ ಎಡೆಯೇನೆಂದು ಕೆಲವು ಮಹಾಶಯರಿಗೆ ತೋರಬಹುದು. ಕನ್ನಡ ನಾಡಿನಲ್ಲಿ ಈ ಎರಡು ವಿದ್ಯೆಗಳು ಒಂದನ್ನೊಂದು ಅಗಲಿದುದು ಈಚಿನ ಕಾಲದಲ್ಲಿ. ಕ್ರಿ.ಶ. 1025ರ ಸುಮಾರಿನಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಪಾಲನೆಯನ್ನು ತಿಳಿಸುವ ವೃಕ್ಷಾಯುರ್ವೇದವೂ ಪಾಕವನ್ನು ತಿಳಿಸುವ ಸೂಪಶಾಸ್ತ್ರವೂ ಒಂದೇ ಗ್ರಂಥದೊಳಗೆ ಕೂಡಿವೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಯ ಪಾಕಗಳಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಆ ಕಾಲದ ಅಡಿಗೆಯಲ್ಲಿ ಖಾರಕ್ಕೆ ಕರಿಮೆಣಸೇ ಮುಖ್ಯವಾಗಿದ್ದಿತು. ಮೆಣಸಿನಕಾಯಿಯೂ ಟೊಮೇಟೊ ಹಣ್ಣೂ ಅಮೇರಿಕ ಖಂಡದಲ್ಲಿ ಹುಟ್ಟಿದ ಬೆಳೆಗಳು. ಪೋರ್ತುಗೀಜರು ಬಂದ ತರುವಾಯ ಈ ನೆಲದಲ್ಲಿ ಬೇರೂರಿದುವು. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಬರಮಾಡಿಕೊಂಡ ಜನರು ಇಂದು ಅದಿಲ್ಲದೆ ಒಂದು ತುತ್ತನ್ನೂ ಉಣ್ಣಲಾರರು. ಬದನೆ, ಟೊಮೇಟೊ, ಮೆಣಸಿನಕಾಯಿ ಈ ಮೂರೂ ಒಂದೇ ಕುಟುಂಬಕ್ಕೆ ಸೇರಿದ ಗಿಡಗಳು. ಇವು ಒಂದೇ ಗಡಿಗೆಯಲ್ಲಿ ಕೂಡಿಕೊಳ್ಳುವ ಸಾರಿನ ವಿಷಯವನ್ನು ಇಲ್ಲಿ ಹೇಳಲಾಗುವುದು.

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯೂ ಅದರ ಸುತ್ತಣ ಊರುಗಳೂ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಸೆರಗಿನಲ್ಲಿವೆ. ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಹೋದಂತೆ ಮಳೆ ಹೆಚ್ಚಿ ಕೆರೆಗಳೂ ಭತ್ತದ ಗದ್ದೆಗಳೂ ಕಾಣುತ್ತವೆ. ಪೂರ್ವಕ್ಕೆ ಸವಣೂರಿನ ಕಡೆ ಮಳೆ ಇಳಿದು ಎರೆಭೂಮಿ ಹಬ್ಬುತ್ತದೆ. ಇಂತಹ ನೆಲದಲ್ಲಿ ಕಾಯಿಪಲ್ಯವು ಬೆಳೆಯದೆಂಬ ಮಾತೇ ಇಲ್ಲ. ಆದರೂ ಗೋವಿನಜೋಳವೂ ಹತ್ತಿಯೂ ಹಿತ್ತಲಿನ ಬೇಲಿಯವರೆಗೆ ಬಂದ ಮೇಲೆ, ಹತ್ತಾರು ಎಕರೆ ಜಮೀನುಳ್ಳ ಮನೆಯವರೂ ಸಂತೆಯ ಚೀಲವನ್ನೇ ನೆಚ್ಚಿಕೊಂಡಿರುವುದು ಕಂಡುಬರುತ್ತದೆ. ಕಾಯಿಪಲ್ಯ ಬೆಳೆಯುವ ಮನೆಗಳಲ್ಲಿಯೋ ಇನ್ನೊಂದು ಬಗೆಯ ವಾಡಿಕೆ ಉಂಟು. ಒಳ್ಳೆಯ ಬದನೆಕಾಯಿ ಪೇಟೆಗೆ, ಹುಳುಕು ಕಾಯಿ ಒಲೆಗೆ. ಕೆಂಪಾಗಿ ಸುಕ್ಕುಗಟ್ಟಿದ ಮೆಣಸಿನಕಾಯಿ ಬ್ಯಾಡಗಿಗೆ, ಬಿಳಚಿ ಚುಕ್ಕೆಬಿದ್ದುದು ಮನೆಯ ಡಬ್ಬಿಗೆ. ಬೆಳೆದವನ ಮಕ್ಕಳು ಕೊಂಡವನ ಮಕ್ಕಳಿಗಿಂತ ಕೀಳಾದುದನ್ನು ಉಣ್ಣುವ ಈ ಪದ್ಧತಿಯು ಮಿತವ್ಯಯವೆಂದು ಎಣಿಸಲ್ಪಡುತ್ತದೆ. ಅದು ಮಿತವ್ಯಯವಲ್ಲವೆಂಬುದು ಮುಂದಿನ ವಿವರಗಳಿಂದ ತಿಳಿದುಬರುವುದು.

ಸಾರಿಗೆ ಬದನೆಕಾಯಿಯೇ ಜೀವಾಳವಾದುದರಿಂದ ಅದರ ಆಯ್ಕೆಯಿಂದ ಪ್ರಾರಂಭಿಸತಕ್ಕದ್ದು. ಎಣ್ಣೆಗಾಯಿಗೆ ಹೊಂದುವ ಸಣ್ಣ ಎಳೆಗಾಯಿಯು ಸುಡುವುದಕ್ಕೆ ಬಾರದು; ಸಿಪ್ಪೆ ಹೋದ ಮೇಲೆ ಕೈಯಲ್ಲಿ ಉಳಿಯುವುದು ಬಹು ಸ್ವಲ್ಪ. ಕಾಲು ಕಿಲೋದಿಂದ ಅರ್ಧ ಕಿಲೋವರೆಗೆ ತೂಗುವ, ದುಂಡಾದ ಅಥವಾ ಅಂಡಾಕಾರದ ಕಾಯಿ ಉತ್ತಮ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ನವನೀತ’ವೆಂಬ ಸಂಕರ ತಳಿಯ ಕಾಯಿ ಈ ಕಾರ್ಯಕ್ಕೆ ಒಪ್ಪುತ್ತದೆ, ಊರಿನ ದಪ್ಪ ಜವಾರಿ ಬದನೆಯೂ ಕಡಮೆಯದಲ್ಲ. ಕಾಯಿಯು ಹೊಳಪುಳ್ಳದ್ದಾಗಿ, ತೊಟ್ಟು ಹಸುರಾಗಿ, ಒತ್ತಿದ ಹೆಬ್ಬೆರಳಿನ ಗುರುತು ಮೆಲ್ಲನೆ ಮೇಲೆದ್ದು ಬರುವಂತಿರಬೇಕು. ಬಣ್ಣ ಮಾಸಿ ಹಳದಿಗೆ ತಿರುಗಿದ ಕಾಯಿಯಲ್ಲಿ ಬೀಜ ಬಲಿತು ಸಾರು ಕಹಿಯಾಗುವುದು.

ಬದನೆಯ ದೊಡ್ಡ ಶತ್ರುವು ಕುಡಿಯನ್ನೂ ಕಾಯಿಯನ್ನೂ ಕೊರೆಯುವ ಹುಳು. ಕಾಯಿಯ ಮೇಲಿನ ರಂಧ್ರವು ಅನೇಕ ವೇಳೆ ಹುಳು ಹೊರಬಿದ್ದ ದಾರಿ. ಹುಳು ಒಳಗೆ ಇರುವಾಗ ಹೊರಗೆ ಗುರುತು ಕಾಣದಿರುವುದೂ ಉಂಟು. ಆದುದರಿಂದ ತೊಟ್ಟನ್ನು ಬಿಡದೆ ಕಾಯಿಯನ್ನು ಕೆಳಗಿನಿಂದ ಸೀಳಿ ಒಳಗನ್ನು ನೋಡಿಯೇ ಸುಡತಕ್ಕದ್ದು. ಕೊರೆದ ಭಾಗದಲ್ಲಿ ಹಿಕ್ಕೆ ತುಂಬಿ ಬೂಷ್ಟು ಬೆಳೆಯುವುದರಿಂದ ಅದನ್ನು ಕತ್ತರಿಸಿ ಉಳಿದುದನ್ನು ಬಳಸುವುದೂ ಒಳ್ಳೆಯದಲ್ಲ.

ಈ ಹುಳುವಿಗಾಗಿ ಹೊಡೆಯುವ ಔಷಧಿಯೇ ಹುಳುವಿಗಿಂತ ಹೆಚ್ಚು ವಿಚಾರಾರ್ಹವಾದ ಸಂಗತಿ. ಪ್ರತಿಯೊಂದು ಔಷಧಿಯನ್ನು ಸಿಂಪಡಿಸಿದ ಮೇಲೆ ಕಾಯಿ ಕೊಯ್ಯುವುದಕ್ಕೆ ಇಂತಿಷ್ಟು ದಿನ ಕಾಯಬೇಕೆಂಬ ಅವಧಿಯು ಬೆಳೆಗೊಂದರಂತೆ ಗೊತ್ತಾಗಿದೆ. ಕ್ಲೋರಾಂಟ್ರಾನಿಲಿಪ್ರೋಲ್ ಎಂಬ ಔಷಧಿಗೆ ಟೊಮೇಟೊದಲ್ಲಿ ಈ ಅವಧಿ 3 ದಿನ. ಅದೇ ಔಷಧಿಗೆ ಬದನೆಯಲ್ಲಿ 22 ದಿನ. ಎಮಾಮೆಕ್ಟಿನ್ ಬೆಂಜೊಯೇಟಿಗೆ ಬದನೆಯಲ್ಲಿ 3 ದಿನ. ಟೊಮೇಟೊದ ಲೆಕ್ಕವನ್ನು ಬದನೆಗೆ ಹಾಕಿ ನಾಲ್ಕನೆಯ ದಿನವೇ ಕಾಯಿ ಕಿತ್ತವನು ಅರಿಯದೆ ತನ್ನ ಮನೆಯವರಿಗೇ ಕೇಡು ಬಗೆದಂತಾಯಿತು. ಡಬ್ಬದ ಮೇಲಿನ ಚೀಟಿಯಲ್ಲಿ ಬೆಳೆಯ ಹೆಸರೂ ಕಾಯತಕ್ಕ ದಿನವೂ ಅಚ್ಚಾಗಿರುತ್ತವೆ. ಓದಲಾರದವರು ಓದಬಲ್ಲ ಮಕ್ಕಳಿಂದ ಓದಿಸಿಕೊಳ್ಳಬೇಕು. ಹತ್ತಿಗೆಂದು ತಂದ ಔಷಧಿಯಲ್ಲಿ ಉಳಿದುದನ್ನು ಹಿತ್ತಲಿನ ಬದನೆಗೆ ಹೊಡೆಯುವುದು ಕೂಡದು. ಮೊನೊಕ್ರೊಟೊಫಾಸನ್ನು ಕಾಯಿಪಲ್ಯದ ಮೇಲೆ ಬಳಸುವುದು 2005ರಲ್ಲಿಯೇ ನಿಷೇಧಿಸಲ್ಪಟ್ಟಿತು. ಹುಳುವನ್ನು ತಾನೇ ತಡೆಯುವ ಕುಲಾಂತರಿ ಬದನೆಯ ಸಿದ್ಧತೆಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲ್ಗೊಂಡಿತ್ತು. ಆದರೆ ಕೇಂದ್ರ ಸರ್ಕಾರವು 2010ನೆಯ ಫೆಬ್ರವರಿ 9ರಂದು ಅದನ್ನು ತಡೆಹಿಡಿಯಿತು. ಮನೆಯ ಮಟ್ಟಿಗೆ ಬೆಳೆಯುವವರಿಗೆ ಅದರ ಗೊಡವೆಯೂ ಬೇಕಾಗಿಲ್ಲ. ಇಪ್ಪತ್ತು ಗಿಡಗಳಲ್ಲಿ ಬಾಡಿ ಬಾಗಿದ ಕುಡಿಗಳನ್ನು ವಾರಕ್ಕೊಮ್ಮೆ ಚಿವುಟಿ ಸುಡುವುದು ಅರ್ಧ ಗಳಿಗೆಯ ಕೆಲಸ. ಅರ್ಧ ಕಿಲೋ ಬೇವಿನ ಬೀಜವನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿ ನೀರಿನಲ್ಲಿ ನೆನೆಯಿಸಿ, ಬೆಳಗ್ಗೆ ಹಿಂಡಿ ಸೋಸಿ, ಒಟ್ಟು 10 ಲೀಟರು ಮಾಡಿ ಸ್ವಲ್ಪ ಸಾಬೂನು ಬೆರೆಸಿ ಸಾಯಂಕಾಲ ಸಿಂಪಡಿಸಿದರೆ ಬಹುಮಟ್ಟಿಗೆ ಸಾಕಾಗುವುದು.

ಟೊಮೇಟೊ ಹಣ್ಣಿನ ವಿಷಯದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ಗಿಡದಲ್ಲಿಯೇ ಪೂರಾ ಕೆಂಪಾದುದು ಬೇಕು. ದೂರದ ಪೇಟೆಗೆಂದು ದೋರೆಗಾಯಿಯಾಗಿ ಕಿತ್ತು ಹಣ್ಣು ಮಾಡಿದುದರಲ್ಲಿ ಹುಳಿಯಿದ್ದರೂ ಸವಿ ಸಾಲದು.

ಮೆಣಸಿನಕಾಯಿಯ ವಿಷಯವನ್ನು ಮಾತ್ರ ವಿಸ್ತಾರವಾಗಿ ನೋಡಬೇಕು. 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿಯು ಈ ಜಿಲ್ಲೆಯ ಹೆಸರನ್ನು ಪರದೇಶಗಳಿಗೆ ಒಯ್ದಿದೆ. ಇದರಲ್ಲಿ ‘ಡಬ್ಬಿ’, ‘ಕಡ್ಡಿ’ ಎಂದು ಎರಡು ಬಗೆ. ಡಬ್ಬಿಯು ಗಿಡ್ಡವಾಗಿ ಉಬ್ಬಿಕೊಂಡು, ಸುಕ್ಕು ಹೆಚ್ಚಾಗಿರುವುದು. ಬಣ್ಣವೂ ಪರಿಮಳವೂ ಅಧಿಕ, ಖಾರ ಅಲ್ಪ. ಕಡ್ಡಿಯು ಉದ್ದವಾಗಿಯೂ ತೆಳ್ಳಗೂ ಇದ್ದು ಖಾರದಲ್ಲಿ ಮುಂದು. ಸುಟ್ಟ ಬದನೆಯ ಸಾರಿಗೆ ಡಬ್ಬಿಯೇ ಒಳ್ಳೆಯದು. ಖಾರ ಹೆಚ್ಚಾದರೆ ಸುಟ್ಟುದರ ವಾಸನೆಯು ನಾಲಗೆಗೆ ತಿಳಿಯದು. ಅಷ್ಟು ಶ್ರಮಪಟ್ಟು ಸುಟ್ಟುದು ವ್ಯರ್ಥ.

ಬಿಡಿಸಿದ ಕಾಯಿಯನ್ನು ಒಣಗಿಸುವ ಕಣವು ಶುದ್ಧವಾಗಿರಬೇಕು. ಸಗಣಿ ಸಾರಿಸಿದ ನೆಲದ ಮೇಲಾಗಲಿ ಬರಿಯ ಮಣ್ಣಿನ ಮೇಲಾಗಲಿ ಹರವಿದ ಕಾಯಿ ಕೆಳಗಿನ ಪಸೆಯನ್ನು ಹೀರುತ್ತದೆ. ತಾಡಪತ್ರಿಯ ಮೇಲೆ ತೆಳ್ಳಗೆ ಹರವಿ, ದಿನಕ್ಕೆ ಎರಡು ಸಲ ತಿರುವಿ, ಸಾಯಂಕಾಲ ಮಂಜು ಬೀಳುವ ಮೊದಲೇ ಕೂಡಿಸಿ ಹೊದಿಸತಕ್ಕದ್ದು. ನೂರು ಪಾಲಿನಲ್ಲಿ ತೇವವು ಹತ್ತು ಹನ್ನೊಂದು ಪಾಲಿಗೆ ಇಳಿಯುವವರೆಗೂ ಒಣಗಬೇಕು. ಆಗ ಕಾಯಿಯನ್ನು ಅಲುಗಾಡಿಸಿದರೆ ಬೀಜದ ಸದ್ದು ಕೇಳುವುದು. ಚೀಲಕ್ಕೆ ತುಂಬುವಾಗ ಕಾಯಿ ಮುರಿಯದಿರಲೆಂದೂ ತೂಕ ಬರಲೆಂದೂ ನೀರು ಚಿಮುಕಿಸುವ ದುರಭ್ಯಾಸವಿದೆ. ಹಾಗೆ ನೀರು ಕುಡಿದ ಕಾಯಿಯೊಳಗೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಈ ವಿಷವು ಯಕೃತ್ತನ್ನು ಕೆಡಿಸುತ್ತದೆ. ಬಹುಕಾಲ ಸೇವಿಸಿದರೆ ಅಲ್ಲಿ ಅರ್ಬುದ ರೋಗಕ್ಕೂ ಕಾರಣವಾಗುತ್ತದೆ. ಐರೋಪ್ಯ ಒಕ್ಕೂಟದವರು ಒಂದು ಕಿಲೋ ಮೆಣಸಿನಕಾಯಿಯಲ್ಲಿ ಒಟ್ಟು 10 ಮೈಕ್ರೋಗ್ರಾಮಿಗಿಂತ ಹೆಚ್ಚಾಗಿ ಇದ್ದರೆ ಮಾಲನ್ನು ಒಳಗೆ ಬಿಡುವುದಿಲ್ಲ. ಅವರು ತಮ್ಮ ಜನರಿಗಾಗಿ ಹೀಗೆ ಅಳೆದು ನೋಡುವಾಗ, ಬೆಳೆದವರು ತಮ್ಮ ಮನೆಗೆ ಬೂಷ್ಟಿನ ಕಾಯಿಯನ್ನು ಆರಿಸಿ ಇಟ್ಟುಕೊಳ್ಳುವುದು ಸೋಜಿಗ. “ಹೇಗೂ ಹುರಿಯುತ್ತೇವಲ್ಲ, ಬೂಷ್ಟು ಸುಟ್ಟುಹೋಗುತ್ತದೆ” ಎಂದು ಮನೆಯ ಹಿರಿಯರು ಹೇಳುವುದುಂಟು. ಬೂಷ್ಟು ಸಾಯುವುದು ನಿಜ, ವಿಷವು ಸಾಯುವುದಿಲ್ಲ. ಅಡಿಗೆಮನೆಯ ಹುರಿಯುವ ಕಾವಿಗೆ ಅದು ಪೂರ್ಣವಾಗಿ ನಾಶವಾಗತಕ್ಕದ್ದಲ್ಲ. ಒಳಗೆ ಬೂದಿಯಂತೆ ಧೂಳು ಕಾಣುವ ಕಾಯಿ, ಕಪ್ಪು ಚುಕ್ಕೆಯ ಕಾಯಿ, ಮುಗ್ಗು ವಾಸನೆಯ ಕಾಯಿ ಇವನ್ನು ದನದ ಮುಂದೆಯೂ ಹಾಕದೆ ಸುಟ್ಟುಬಿಡಬೇಕು. ಬೆಲೆ ಬಿದ್ದ ವರ್ಷಗಳಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿರಲಿ. 2024ನೆಯ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ದರ ಕುಸಿದು ಗಲಭೆಯೇ ಆಯಿತಷ್ಟೆ. ಅಂತಹ ಸಮಯದಲ್ಲಿ ಶೀತಗೃಹದಲ್ಲಿ ಇಡಲಾರದವರು ಮಾಲನ್ನು ಪಡಸಾಲೆಯಲ್ಲಿ ಒಟ್ಟುತ್ತಾರೆ, ಮುಂಗಾರಿಯ ಮೊದಲ ಮಳೆಗೆ ಅದು ಬೆವರುತ್ತದೆ.

ಖಾರಪುಡಿಯನ್ನು ಪೇಟೆಯಿಂದ ಕೊಳ್ಳುವುದಕ್ಕಿಂತ ಮನೆಯಲ್ಲಿ ಕುಟ್ಟಿಸುವುದು ಲೇಸು. 2003ರಲ್ಲಿ ಭಾರತದಿಂದ ಹೋದ ಖಾರಪುಡಿಯಲ್ಲಿ ಸುಡಾನ್ ಎಂಬ ಕೈಗಾರಿಕೆಯ ಬಣ್ಣವು ಫ್ರಾನ್ಸಿನಲ್ಲಿ ಪತ್ತೆಯಾಗಿ, ದೇಶಕ್ಕೆ ಅಪಕೀರ್ತಿ ಬಂದಿತು. ಬ್ಯಾಡಗಿಯ ಕಾಯಿಗೆ ಬಣ್ಣ ಬೆರೆಸುವುದೆಂದರೆ ತುಂಗಭದ್ರೆಗೆ ನೀರು ಹೊತ್ತಂತೆಯೇ.

ಇನ್ನು ಪಾಕದ ಕ್ರಮ. ಆರು ಮಂದಿಯ ಊಟಕ್ಕೆ ಬದನೆಕಾಯಿ ಅರ್ಧ ಕಿಲೋ, ಟೊಮೇಟೊ 400 ಗ್ರಾಮು, ಉಳ್ಳಾಗಡ್ಡಿ ಎರಡು, ಬಳ್ಳೊಳ್ಳಿ ಒಂದು ಗಡ್ಡೆ, ತೊಗರಿಬೇಳೆ 100 ಗ್ರಾಮು ಬೇಕು. ಮಸಾಲೆಗೆ ಡಬ್ಬಿ ಮೆಣಸಿನಕಾಯಿ ಎಂಟು, ಕೊತ್ತಂಬರಿಬೀಜ ಎರಡು ದೊಡ್ಡ ಚಮಚ, ಜೀರಿಗೆ ಒಂದು ಸಣ್ಣ ಚಮಚ, ಕರಿಮೆಣಸು ಹತ್ತು ಕಾಳು, ಮೆಂತ್ಯ ಆರೇಳು ಕಾಳು, ಒಣಕೊಬ್ಬರಿಯ ತುರಿ ಎರಡು ದೊಡ್ಡ ಚಮಚ. ಹುಣಿಸೆಹಣ್ಣು ಸಣ್ಣ ಅಡಿಕೆಯಷ್ಟು. ಟೊಮೇಟೊದಲ್ಲಿ ಹುಳಿಯಿದ್ದರೆ ಅದೂ ಬೇಡ. ಉಪ್ಪು, ಅರಿಸಿನ, ಬೆಲ್ಲದ ಒಂದು ಚೂರು, ಒಗ್ಗರಣೆಯ ಸಾಮಾನುಗಳು ಎಲ್ಲರಿಗೂ ಗೊತ್ತಿರುವವೇ.

ಸುಡುವುದಕ್ಕೆ ಉರಿಗಿಂತ ಕೆಂಡ ಲೇಸು. ಕುಳ್ಳು ಅಥವಾ ಜಾಲಿಯ ಕಟ್ಟಿಗೆ ಉರಿದು ಬೂದಿ ಮುಸುಕಿದ ಕೆಂಡವಾದ ಮೇಲೆ, ಒಳಗನ್ನು ನೋಡಿ ಮುಚ್ಚಿದ ಬದನೆಕಾಯಿಗೆ ತೆಳ್ಳಗೆ ಶೇಂಗಾ ಎಣ್ಣೆ ಸವರಿ ಅದರ ಮೇಲಿಡಬೇಕು. ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ಕಿನ ಚೀಲ, ಔಷಧಿ ಹೊಡೆದ ಹತ್ತಿಯ ಕಟ್ಟಿಗೆ ಇವುಗಳ ಕೆಂಡದ ಮೇಲೆ ಕಾಯಿಯನ್ನು ಎಂದಿಗೂ ಇಡಬಾರದು. ಅನಿಲದ ಒಲೆಯುಳ್ಳವರು ತಂತಿಯ ಜಾಳಿಗೆಯನ್ನಿಟ್ಟು ಸಣ್ಣ ಉರಿಯಲ್ಲಿ ಸುಡಬಹುದು. ಕೆಂಡದ ವಾಸನೆ ಬರಲಾರದಾದರೂ ಕೆಲಸ ನಡೆಯುತ್ತದೆ. ಬದನೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಕ್ಕಿ ನೀರೇ ಇರುವುದರಿಂದ, ಸಿಪ್ಪೆಯು ಕರಕಾಗುತ್ತಿರುವಾಗ ಒಳಗಿನ ನೀರು ಹಬೆಯಾಗಿ ತಿರುಳನ್ನು ಬೇಯಿಸುತ್ತದೆ. ನಿಧಾನವಾಗಿ ಸುಟ್ಟಷ್ಟೂ ನೀರು ಆರಿ ರುಚಿ ಗಟ್ಟಿಯಾಗುವುದು. ನಾಲ್ಕು ಮಗ್ಗುಲೂ ತಿರುಗಿಸುತ್ತ ಇಪ್ಪತ್ತು ನಿಮಿಷದಷ್ಟು ಸುಟ್ಟ ಮೇಲೆ ಕಾಯಿ ಕುಸಿದು ತೊಟ್ಟಿನ ಬುಡ ಮೆತ್ತಗಾದರೆ ಆಯಿತೆಂದು ತಿಳಿಯತಕ್ಕದ್ದು. ಟೊಮೇಟೊ, ಸಿಪ್ಪೆ ಸಹಿತವಾದ ಉಳ್ಳಾಗಡ್ಡಿ, ಇಡಿಯ ಬಳ್ಳೊಳ್ಳಿ ಇವನ್ನೂ ಅದೇ ಕೆಂಡದ ಅಂಚಿನಲ್ಲಿ ಇಟ್ಟರೆ ಬೇರೆ ಉರಿ ಬೇಡ.

ಸುಟ್ಟುದನ್ನು ತಾಟಿನಲ್ಲಿಟ್ಟು ಹತ್ತು ನಿಮಿಷ ಮುಚ್ಚಿದರೆ ಸಿಪ್ಪೆ ತಾನಾಗಿ ಸಡಿಲುತ್ತದೆ. ಆಗ ಕೈಯನ್ನು ನೀರಿನಲ್ಲಿ ಅದ್ದಿಕೊಂಡು ಸುಲಿಯಬೇಕು. ಬೇಗ ಆಗಲೆಂದು ಕಾಯಿಯನ್ನೇ ನೀರಿನಲ್ಲಿ ತೊಳೆಯುವವರು ರುಚಿಯನ್ನು ಬಚ್ಚಲಿಗೆ ಸುರಿಯುತ್ತಾರೆ. ಕರಕಾದ ಸಿಪ್ಪೆಯನ್ನು ಪೂರ್ಣವಾಗಿ ತೆಗೆದುಬಿಡಬೇಕು. ಅದು ಕಹಿ, ಆರೋಗ್ಯಕ್ಕೂ ಹಿತವಲ್ಲ. ತಾಟಿನಲ್ಲಿ ಇಳಿದ ಕಂದು ರಸವನ್ನು ಚೆಲ್ಲಬಾರದು.

ಮಸಾಲೆಯ ಪದಾರ್ಥಗಳನ್ನು ಒಂದೇ ಸಲ ಬಾಣಲೆಗೆ ಸುರಿದು ಹುರಿಯುವುದು ಸೋಮಾರಿತನ. ಮೆಂತ್ಯಕ್ಕೆ ಬೇಕಾದ ಕಾವು ಜೀರಿಗೆಗೆ ಹೆಚ್ಚು. ಕೊತ್ತಂಬರಿಬೀಜ ಕೆಂಪಾಗುವಷ್ಟರಲ್ಲಿ ಕೊಬ್ಬರಿ ಕರಿಯಾಗುವುದು. ಒಂದೊಂದನ್ನೇ ಸಣ್ಣ ಉರಿಯಲ್ಲಿ ಹುರಿದು ಕೊನೆಗೆ ಮೆಣಸಿನಕಾಯಿಯನ್ನು ಒಂದು ಚಮಚ ಎಣ್ಣೆಯಲ್ಲಿ ಉಬ್ಬುವವರೆಗೆ ಮಾತ್ರ ಬಾಡಿಸತಕ್ಕದ್ದು. ಈ ಕಾಯಿಯ ಕೆಂಪು ಬಣ್ಣವು ನೀರಿನಲ್ಲಿ ಕರಗದೆ ಎಣ್ಣೆಯಲ್ಲಿ ಕರಗುವಂತಹುದು. ಆದುದರಿಂದ ಎಣ್ಣೆ ಸೋಕಿಸಿ ಅರೆದ ಮಸಾಲೆಯಲ್ಲಿ ಎರಡು ಕಾಯಿ ಕಡಮೆಯಾದರೂ ಸಾರಿನ ಬಣ್ಣ ಕುಗ್ಗದು. ಕಾಯಿ ಕರ್ರಗಾದರೆ ಬಣ್ಣವೂ ಹೋಯಿತು, ಘಾಟಿಗೆ ಮನೆಯವರೆಲ್ಲ ಕೆಮ್ಮಿದ್ದೂ ಆಯಿತು.

ಬೇಳೆಯನ್ನು ಅರಿಸಿನದೊಡನೆ ಬೇಯಿಸಿ ಕಡೆದಿರಬೇಕು. ಮಸಾಲೆ, ಬಳ್ಳೊಳ್ಳಿ, ಒಂದು ಉಳ್ಳಾಗಡ್ಡಿ, ಟೊಮೇಟೊ ಇಷ್ಟನ್ನು ನುಣ್ಣಗೆ ಅರೆಯಬೇಕು. ಬದನೆಯ ತಿರುಳನ್ನು ಮಾತ್ರ ಮಿಕ್ಸರಿಗೆ ಹಾಕದೆ ಒಳಕಲ್ಲಿನಲ್ಲಿಯೋ ಕೈಯಿಂದಲೋ ಒರಟಾಗಿ ಕಿವುಚತಕ್ಕದ್ದು. ಯಂತ್ರದಲ್ಲಿ ತಿರುಗಿದರೆ ಅದು ಅಂಟಂಟಾಗುತ್ತದೆ. ಎಲ್ಲವನ್ನೂ ಗಡಿಗೆಯಲ್ಲಿ ಕೂಡಿಸಿ, ಒಂದೂಕಾಲು ಲೀಟರು ಬಿಸಿನೀರು, ಉಪ್ಪು, ಬೆಲ್ಲ ಹಾಕಿ, ಒಂದು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಬೇಕು. ಹೆಚ್ಚು ಹೊತ್ತು ಕುದಿಸಿದರೆ ಸುಟ್ಟ ವಾಸನೆಯು ಹಬೆಯೊಡನೆ ಹಾರಿಹೋಗುವುದು. ಉಳಿದ ಉಳ್ಳಾಗಡ್ಡಿಯನ್ನು ಹೆಚ್ಚಿ, ಸಾಸಿವೆ, ಕರಿಬೇವು, ಇಂಗಿನೊಡನೆ ಒಗ್ಗರಣೆ ಕೊಟ್ಟು ಮುಚ್ಚಿಡತಕ್ಕದ್ದು. ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಬೇಳೆಯಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಹೆಚ್ಚು ಹತ್ತುತ್ತದೆ; ಒಲೆಯ ಮೇಲಿರುವಾಗಲೇ ಹಿಂಡಿದರೆ ನಿಂಬೆಯ ಜೀವಸತ್ವವು ಕಾವಿಗೆ ಕೆಡುವುದು.

ಬರಿಯ ಬದನೆಯ ಸಾರು ಹೊಟ್ಟೆಗೆ ಆಧಾರವಾಗದೆಂಬುದನ್ನೂ ಹೇಳಬೇಕು. ಬೇಳೆಯ ಖರ್ಚನ್ನು ಉಳಿಸುವುದಕ್ಕಾಗಿ ಆಳುಗಳ ಊಟದ ಸಾರಿನಲ್ಲಿ ಬೇಳೆಯನ್ನೇ ಬಿಡುವುದು ಕೆಲವು ದೊಡ್ಡ ಮನೆಗಳಲ್ಲಿ ನಡೆದಿದೆ. ಜೋಳದಲ್ಲಿ ಲೈಸಿನ್ ಎಂಬ ಪೋಷಕಾಂಶವು ಬಹಳ ಕಡಮೆ, ತೊಗರಿಯಲ್ಲಿ ಅದು ಹೇರಳ. ಎರಡೂ ಕೂಡಿದರೆ ಮಾತ್ರ ರೊಟ್ಟಿಯುಂಡ ಮೈಗೆ ಕಸುವು ಬರುತ್ತದೆ. ಹತ್ತಿ ಬಿಡಿಸಲು ಬಗ್ಗಿದ ಹೆಂಗಸಿಗೆ ತಿಳಿನೀರಿನ ಸಾರು ಬಡಿಸಿ ಮಧ್ಯಾಹ್ನದ ಮೇಲೆ ಕೆಲಸ ಸಾಗದೆಂದು ಗೊಣಗುವ ಯಜಮಾನರು, ನೂರು ಗ್ರಾಮು ಬೇಳೆಯ ಬೆಲೆಯನ್ನೂ ನಿಂತುಹೋದ ಕೆಲಸದ ಬೆಲೆಯನ್ನೂ ತಾವೇ ತೂಗಿ ನೋಡಬಹುದು.

ಈ ಸಾರಿಗೆ ಬೇಕಾದ ಕಾಯಿಪಲ್ಯವೆಲ್ಲ ಒಂದು ಗುಂಟೆಯಲ್ಲಿ, ಎಂದರೆ 33 ಅಡಿ ಚೌಕದ ಹಿತ್ತಲಿನಲ್ಲಿ, ಬಚ್ಚಲ ನೀರಿನ ಆಸರೆಯಿಂದ ಬೆಳೆಯತಕ್ಕದ್ದು. ಆಗಸ್ಟ್ ತಿಂಗಳ ಕೊನೆಗೆ ಸಸಿಮಡಿಯಲ್ಲಿ ಬದನೆ ಮತ್ತು ಟೊಮೇಟೊ ಬಿತ್ತಿ, ನಾಲ್ಕೈದು ವಾರದ ಸಸಿಗಳನ್ನು ನೆಟ್ಟರೆ ಎಳ್ಳಮಾವಾಸ್ಯೆಯ ಹೊತ್ತಿಗೆ ಕಾಯಿ ಬರುವುದು. ಬದನೆಗೆ ಸಾಲಿನಿಂದ ಸಾಲಿಗೆ ಎರಡೂವರೆ ಅಡಿ, ಗಿಡದಿಂದ ಗಿಡಕ್ಕೆ ಎರಡು ಅಡಿ ಅಂತರವಿರಲಿ. ಮೊದಲೇ ಹೇಳಿದಂತೆ ಬದನೆ, ಟೊಮೇಟೊ, ಮೆಣಸಿನಕಾಯಿ ಒಂದೇ ಕುಟುಂಬದವಾದುದರಿಂದ ಒಂದರ ಸೊರಗು ರೋಗವು ಇನ್ನೊಂದಕ್ಕೂ ತಗಲುತ್ತದೆ. ಅದೇ ಮಡಿಯಲ್ಲಿ ವರ್ಷ ವರ್ಷವೂ ಇವನ್ನೇ ಹಾಕದೆ, ನಡುವೆ ಉಳ್ಳಾಗಡ್ಡಿಯನ್ನೋ ಅವರೆಯನ್ನೋ ಮೆಂತ್ಯದ ಸೊಪ್ಪನ್ನೋ ಹಾಕಬೇಕು. ಸೊರಗು ಹೆಚ್ಚಾಗಿರುವ ನೆಲದಲ್ಲಿ ಟೊಮೇಟೊಕ್ಕೆ ‘ಅರ್ಕಾ ರಕ್ಷಕ’, ಬದನೆಗೆ ‘ಅರ್ಕಾ ಕೇಶವ’ ಅಥವಾ ‘ಅರ್ಕಾ ನಿಧಿ’ ತಳಿಗಳು ತಡೆದು ನಿಲ್ಲುತ್ತವೆ. ಈ ಎರಡು ಬದನೆಗಳ ಕಾಯಿ ನೀಳವಾದುದು. ಸುಡುವಾಗ ಹೊತ್ತು ಕಡಮೆ ಸಾಕು.

ಜವಾರಿ ಬದನೆಯ ಬೀಜವನ್ನು ಮನೆಯಲ್ಲಿಯೇ ಹಿಡಿಯಬೇಕೆನ್ನುವವರು, ಕಾಯಿ ಮುಗಿಯುವ ಕಾಲದಲ್ಲಿ ಉಳಿದುದನ್ನು ಬೀಜಕ್ಕೆ ಬಿಡುವ ವಾಡಿಕೆಯನ್ನು ತೊರೆದು, ಎರಡನೆಯ ಅಥವಾ ಮೂರನೆಯ ಕೊಯ್ಲಿನಲ್ಲಿಯೇ ರೋಗವಿಲ್ಲದ ಗಿಡದ ಎರಡು ಒಳ್ಳೆಯ ಕಾಯಿಗಳಿಗೆ ದಾರ ಕಟ್ಟಿ, ಅವು ಹಳದಿಯಾಗುವವರೆಗೆ ಮುಟ್ಟದೆ ಬಿಡತಕ್ಕದ್ದು. ತಿರುಳನ್ನು ನೀರಿನಲ್ಲಿ ಕಿವುಚಿ, ತೇಲಿದ ಬೀಜವನ್ನು ಚೆಲ್ಲಿ, ತಳದಲ್ಲಿ ನಿಂತುದನ್ನು ನೆರಳಿನಲ್ಲಿ ಒಣಗಿಸಿ ಬೂದಿಯೊಡನೆ ಕಟ್ಟಿಡಬಹುದು. ಸಂಕರ ತಳಿಯ ಕಾಯಿಯಿಂದ ಹೀಗೆ ಬೀಜ ಹಿಡಿದರೆ ಮುಂದಿನ ವರ್ಷ ಗಿಡಗಳು ಒಂದರಂತೆ ಒಂದು ಬಾರವು.